ದೂರದ ನಂಟು: ಕ್ಯಾನ್ಸರ್ ಕೋಶದಲ್ಲಿ ಕ್ರೊಮ್ಯಾಟಿನ್ ಸಂಪರ್ಕಗಳ ನಕ್ಷೆ



ಮನುಷ್ಯ ದೇಹದ ಕಣ್ಣಿನ ಕೋಶ, ಯಕೃತ್ತಿನ ಕೋಶ, ಕೆನ್ನೆಯ ಒಳಪೊರೆಯ ಕೋಶ ಇವೆಲ್ಲವೂ ಒಂದೇ ಫಲಿತ ಅಂಡದಿಂದ ಕವಲೊಡೆದು ಬಂದವು. ಕೆಲವೇ ಅಪವಾದಗಳನ್ನು ಬಿಟ್ಟರೆ ಇವುಗಳ ಕೋಶಕೇಂದ್ರದಲ್ಲಿರುವ ಡಿಎನ್‌ಎ ಬರಹವೂ ಒಂದೇ. ಹಾಗಿದ್ದೂ ಕಣ್ಣಿನ ಕೋಶ ಬೆಳಕನ್ನು ಗ್ರಹಿಸುತ್ತದೆ, ಯಕೃತ್ತಿನ ಕೋಶ ಪಿತ್ತರಸವನ್ನು ತಯಾರಿಸುತ್ತದೆ, ಕೆನ್ನೆಯ ಕೋಶ ಸವೆದ ಪದರವನ್ನು ಮತ್ತೆ ಮತ್ತೆ ತುಂಬಿಕೊಡುತ್ತದೆ. ಬರಹ ಒಂದೇ ಆಗಿದ್ದು ಬಾಳು ಬೇರೆಯಾಗುವುದು ಹೇಗೆ ಎಂಬ ಪ್ರಶ್ನೆಗೆ ಕಳೆದ ಶತಮಾನದ ಜೀವವಿಜ್ಞಾನ ಕೊಟ್ಟ ಉತ್ತರವೆಂದರೆ, ಪ್ರತಿಯೊಂದು ಕೋಶವೂ ತನಗೆ ಬೇಕಾದ ವಂಶವಾಹಿಗಳನ್ನು ಮಾತ್ರ ಓದುತ್ತದೆ, ಉಳಿದವನ್ನು ಮುಚ್ಚಿಡುತ್ತದೆ ಎಂಬುದು. ಈ ಶತಮಾನದ ಮೊದಲ ಎರಡು ದಶಕಗಳಲ್ಲಿ ಆ ಉತ್ತರಕ್ಕೆ ಇನ್ನೊಂದು ಭಾಗ ಕೂಡಿಕೊಂಡಿತು. ಯಾವ ವಂಶವಾಹಿಯನ್ನು, ಎಷ್ಟು ಜೋರಾಗಿ ಓದಬೇಕೆಂಬುದು ಡಿಎನ್‌ಎ ಎಳೆ ಕೋಶಕೇಂದ್ರದೊಳಗೆ ಹೇಗೆ ಮಡಚಿಕೊಂಡಿದೆ, ಅದರ ಯಾವ ತುಣುಕು ಯಾವ ತುಣುಕಿನ ಬಳಿಗೆ ಬಂದು ನಿಂತಿದೆ ಎಂಬುದನ್ನೂ ಅವಲಂಬಿಸಿದೆ. ಈ ಮಡಿಕೆ ಕೆಟ್ಟಾಗ ಕೋಶವು ಕ್ಯಾನ್ಸರ್‌ನ ಹಾದಿ ಹಿಡಿಯುವುದುಂಟು. ಆ ಕೆಡುಕನ್ನು ನಕ್ಷೆಯಾಗಿ ಬರೆದು ನೋಡುವ ವಿದ್ಯೆಯೇ ಈ ಉಪನ್ಯಾಸದ ವಸ್ತು. ಅಂಥ ನಕ್ಷೆ ಯಾವ ಕೋಶದಿಂದ ಬರೆಯಲ್ಪಟ್ಟಿತೋ ಆ ಕೋಶದ ಬಗ್ಗೆ ಮಾತ್ರ ಖಚಿತವಾಗಿ ಮಾತನಾಡಬಲ್ಲದು, ಆದ್ದರಿಂದ ಕರ್ನಾಟಕದ ಜನರನ್ನು ಕಾಡುವ ಕ್ಯಾನ್ಸರ್‌ಗಳ ನಕ್ಷೆ ಅವರದೇ ಕೋಶಗಳಿಂದ ಮೂಡಬೇಕು ಎಂಬುದು ಇಲ್ಲಿ ಮಂಡಿಸಲಾಗುವ ವಾದ.

ಮೊದಲಿಗೆ ಅಳತೆಯ ಮಾತು. ಮನುಷ್ಯನ ಒಂದು ಕೋಶದಲ್ಲಿರುವ 46 ವರ್ಣತಂತುಗಳ ಡಿಎನ್‌ಎಯನ್ನು ಬಿಡಿಸಿ ಒಂದರ ತುದಿಗೆ ಇನ್ನೊಂದನ್ನು ಇಟ್ಟರೆ ಸುಮಾರು 2 ಮೀಟರ್ ಉದ್ದವಾಗುತ್ತದೆ. ಅದು ಅಡಗಿ ಕುಳಿತಿರುವ ಕೋಶಕೇಂದ್ರದ ಅಡ್ಡಳತೆಯಾದರೋ ಒಂದು ಮಿಲಿಮೀಟರಿನ ನೂರನೆಯ ಒಂದು ಪಾಲಿನಷ್ಟು, ಹಲವೊಮ್ಮೆ ಅದಕ್ಕಿಂತಲೂ ಕಡಿಮೆ. ಇಷ್ಟು ಉದ್ದದ ಎಳೆ ಇಷ್ಟು ಕಿರಿದಾದ ಜಾಗದಲ್ಲಿ ಸಿಕ್ಕು ಬೀಳದೆ ಇರುವುದು ಹಿಸ್ಟೋನ್ ಎಂಬ ಪ್ರೋಟೀನುಗಳ ದೆಸೆಯಿಂದ. ನಾಲ್ಕು ಬಗೆಯ ಹಿಸ್ಟೋನುಗಳು ಎರಡೆರಡರಂತೆ ಕೂಡಿ ಎಂಟರ ಒಂದು ಗುಂಪಾಗುತ್ತವೆ, ಅದರ ಸುತ್ತ 147 ಪ್ರತ್ಯಾಮ್ಲ ಜೋಡಿಗಳಷ್ಟು, ಅಂದರೆ ಡಿಎನ್‌ಎ ಬರಹದ 147 ಅಕ್ಷರಗಳಷ್ಟು ಎಳೆ ಎರಡು ಸುತ್ತಿಗೆ ತುಸು ಕಡಿಮೆ ಸುತ್ತಿಕೊಳ್ಳುತ್ತದೆ. ನ್ಯೂಕ್ಲಿಯೊಸೋಮ್ ಎಂದು ಕರೆಯುವ ಈ ಘಟಕದ ಕಲ್ಪನೆಯನ್ನು ರೋಜರ್ ಕೋರ್ನ್‌ಬರ್ಗ್ 1974ರಲ್ಲಿ ಮುಂದಿಟ್ಟರು. ಡಿಎನ್‌ಎ ಮತ್ತು ಪ್ರೋಟೀನು ಹೀಗೆ ಕೂಡಿ ಆದ ಒಟ್ಟು ವಸ್ತುವೇ ಕ್ರೊಮ್ಯಾಟಿನ್. ಬಣ್ಣ ಹೀರಿಕೊಳ್ಳುವ ಈ ವಸ್ತುವನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ಹೆಸರಿಟ್ಟವರು ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿಜ್ಞಾನಿ ವಾಲ್ಟರ್ ಫ್ಲೆಮಿಂಗ್.

ಕ್ರೊಮ್ಯಾಟಿನ್ ಅಧ್ಯಯನ ಕರ್ನಾಟಕಕ್ಕೆ ಹೊಸತಲ್ಲ ಎಂಬುದನ್ನು ಇಲ್ಲಿಯೇ ನೆನೆಯುವುದು ಉಚಿತ. ಮೈಸೂರಿನಲ್ಲಿ ಜನಿಸಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರೇಟ್ ಪಡೆದು, ಅಲ್ಲಿಯೇ ದೀರ್ಘಕಾಲ ಪ್ರಾಧ್ಯಾಪಕರಾಗಿದ್ದ ಎಂ.ಆರ್.ಎಸ್. ರಾವ್ ಅವರು ವೀರ್ಯಾಣು ರೂಪುಗೊಳ್ಳುವಾಗ ಹಿಸ್ಟೋನುಗಳು ಹೇಗೆ ಸ್ಥಾನ ಬಿಟ್ಟುಕೊಡುತ್ತವೆ, ಬೇರೆ ಪ್ರೋಟೀನುಗಳು ಹೇಗೆ ಆ ಸ್ಥಾನಕ್ಕೆ ಬರುತ್ತವೆ ಎಂಬುದನ್ನು ದಶಕಗಳ ಕಾಲ ಬಿಡಿಸಿ ನೋಡಿದರು. 2003ರಿಂದ ಒಂದು ದಶಕ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅಧ್ಯಕ್ಷರಾಗಿ, ಮಿದುಳಿನ ಗ್ಲಯೋಮಾ ಗಡ್ಡೆಗಳ ಕಡೆಗೂ ತಮ್ಮ ಗಮನ ಹರಿಸಿ, 2023ರಲ್ಲಿ ನಿಧನರಾದ ಅವರು, ಈ ನಾಡಿನಲ್ಲಿ ಕ್ರೊಮ್ಯಾಟಿನ್ ವಿಜ್ಞಾನವು ಒಂದು ಪರಂಪರೆಯಾಗಿ ನೆಲೆಗೊಳ್ಳಲು ಕಾರಣರಾದವರಲ್ಲಿ ಮೊದಲಿಗರು. ಅವರು ಓದಿ ಕಲಿಸಿದ ಸಂಸ್ಥೆಯ ಎರಡನೆಯ ಆವರಣ ಇದೇ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿರುವುದು ಸಭಿಕರಿಗೆ ತಿಳಿದೇ ಇದೆ.

ಇನ್ನು ದೂರದ ನಂಟಿನ ಮಾತು. ಮನುಷ್ಯನ ಡಿಎನ್‌ಎಯಲ್ಲಿ ಪ್ರೋಟೀನು ತಯಾರಿಕೆಯ ನೇರ ಆದೇಶವಿರುವ ಭಾಗ ನೂರಕ್ಕೆ ಎರಡಕ್ಕಿಂತ ಕಡಿಮೆ. ಅಂಥ ವಂಶವಾಹಿಗಳು ಸುಮಾರು 20,000. ಪ್ರತಿ ವಂಶವಾಹಿಯ ಓದು ಶುರುವಾಗುವ ತಾಣವನ್ನು ಪ್ರೊಮೋಟರ್ ಎನ್ನುತ್ತಾರೆ. ಆದರೆ ಪ್ರೊಮೋಟರ್ ತಾನೊಂದೇ ಇದ್ದರೆ ಓದು ಸಾಮಾನ್ಯವಾಗಿ ಮಂದಗತಿಯಲ್ಲಿ ಸಾಗುತ್ತದೆ. ಅದಕ್ಕೆ ಚುರುಕು ತರುವ ಬೇರೆ ತಾಣಗಳಿವೆ, ಅವುಗಳ ಹೆಸರು ಎನ್‌ಹಾನ್ಸರ್. ವಂಶವಾಹಿಗಳನ್ನು ನಿಯಂತ್ರಿಸುವ ಪ್ರೋಟೀನುಗಳು ಎನ್‌ಹಾನ್ಸರ್‌ನ ಮೇಲೆ ಬಂದು ಕೂರುತ್ತವೆ, ಅನಂತರ ಎನ್‌ಹಾನ್ಸರ್ ತನಗೆ ಸಂಬಂಧಪಟ್ಟ ಪ್ರೊಮೋಟರಿನ ಬಳಿಗೆ ಸರಿದು ಬಂದು ಓದನ್ನು ಎಬ್ಬಿಸುತ್ತದೆ. ವಿಚಿತ್ರವೆಂದರೆ ಎನ್‌ಹಾನ್ಸರ್ ತನ್ನ ವಂಶವಾಹಿಯ ಪಕ್ಕದಲ್ಲೇ ಇರಬೇಕೆಂಬ ನಿಯಮವಿಲ್ಲ. ಕೈಕಾಲುಗಳ ಬೆರಳುಗಳ ರಚನೆಯನ್ನು ತಿದ್ದುವ ಒಂದು ಎನ್‌ಹಾನ್ಸರ್ ತನ್ನ ವಂಶವಾಹಿಯಿಂದ ಸುಮಾರು 10 ಲಕ್ಷ ಅಕ್ಷರಗಳಾಚೆ, ಇನ್ನೊಂದೇ ವಂಶವಾಹಿಯ ಒಡಲಿನಲ್ಲಿ ಕುಳಿತಿದೆ. ಆ ಪುಟ್ಟ ತಾಣದಲ್ಲಿ ಒಂದೇ ಅಕ್ಷರ ಬದಲಾದರೂ ಮಗು ಹೆಚ್ಚಿನ ಬೆರಳಿನೊಂದಿಗೆ ಹುಟ್ಟಬಹುದು. ನಡುವಿನ 10 ಲಕ್ಷ ಅಕ್ಷರಗಳ ಎಳೆ ಕುಣಿಕೆಯಾಗಿ ಬಾಗಿ, ದೂರದ ಎರಡು ತಾಣಗಳನ್ನು ಹತ್ತಿರಕ್ಕೆ ತರುತ್ತದೆ ಎಂಬುದೇ ಇದರ ವಿವರಣೆ.

ಕುಣಿಕೆಗಳು ಮನಬಂದಂತೆ ಬೀಳುವುದಿಲ್ಲ. ಕೊಹೆಸಿನ್ ಎಂಬ ಉಂಗುರಾಕೃತಿಯ ಪ್ರೋಟೀನು ಸಂಕೀರ್ಣವು ಕ್ರೊಮ್ಯಾಟಿನ್ ಎಳೆಯನ್ನು ಹಿಡಿದು ಎರಡೂ ಬದಿಯಿಂದ ಒಳಕ್ಕೆ ಎಳೆದುಕೊಳ್ಳುತ್ತ ಹೋಗುತ್ತದೆ, ಕುಣಿಕೆ ದೊಡ್ಡದಾಗುತ್ತ ಬರುತ್ತದೆ; ಸಿಟಿಸಿಎಫ್ ಎಂಬ ಇನ್ನೊಂದು ಪ್ರೋಟೀನು ಕುಳಿತಿರುವ ಜಾಗ ಎದುರಾದಾಗ, ಆ ಪ್ರೋಟೀನು ತಕ್ಕ ದಿಕ್ಕಿಗೆ ಮುಖ ಮಾಡಿದ್ದರೆ, ಕೊಹೆಸಿನ್ ಅಲ್ಲಿಗೆ ನಿಲ್ಲುತ್ತದೆ. ಹೀಗೆ ಎರಡು ಸಿಟಿಸಿಎಫ್ ತಾಣಗಳ ನಡುವಿನ ಪ್ರದೇಶ ತನ್ನೊಳಗೆ ಹೆಚ್ಚು ಸಂಪರ್ಕವನ್ನೂ ಹೊರಗಿನ ನೆರೆಯೊಂದಿಗೆ ಕಡಿಮೆ ಸಂಪರ್ಕವನ್ನೂ ಇಟ್ಟುಕೊಳ್ಳುತ್ತದೆ. ಲಕ್ಷಗಳಿಂದ ಹತ್ತಾರು ಲಕ್ಷ ಅಕ್ಷರಗಳವರೆಗೆ ಹರಡಿದ ಇಂಥ ಪ್ರದೇಶಗಳನ್ನು 2012ರಲ್ಲಿ ಗುರುತಿಸಿದ ಸಂಶೋಧಕರು ಅವುಗಳಿಗೆ ಟ್ಯಾಡ್ ಎಂಬ ಸಂಕ್ಷಿಪ್ತ ಹೆಸರು ಕೊಟ್ಟರು. ಒಂದು ಟ್ಯಾಡ್‌ನ ಎನ್‌ಹಾನ್ಸರ್ ಬಹುಪಾಲು ಅದೇ ಟ್ಯಾಡ್‌ನ ವಂಶವಾಹಿಗಳನ್ನೇ ಎಬ್ಬಿಸುತ್ತದೆ, ಗಡಿಯಾಚೆಯವನ್ನು ಮುಟ್ಟುವುದು ವಿರಳ. ಮುಂದೆ ಕ್ಯಾನ್ಸರ್ ವಿಚಾರಕ್ಕೆ ಬರುವಾಗ ಈ ಗಡಿಯೇ ಮುಖ್ಯವಾಗುತ್ತದೆ.

ಕಣ್ಣಿಗೂ ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ನಿಲುಕದ ಈ ಸಂಪರ್ಕಗಳನ್ನು ನಕ್ಷೆಗೆ ಇಳಿಸುವುದು ಹೇಗೆ? 2002ರಲ್ಲಿ ಯೋಬ್ ಡೆಕ್ಕರ್, ನ್ಯಾನ್ಸಿ ಕ್ಲೆಕ್ನರ್ ಮತ್ತು ಅವರ ಸಂಗಡಿಗರು ತೋರಿಸಿದ ಉಪಾಯ ಸರಳವೂ ಹೌದು, ಆಳವೂ ಹೌದು. ಜೀವಂತ ಕೋಶಗಳ ಮೇಲೆ ಫಾರ್ಮಾಲ್ಡಿಹೈಡ್ ಹಾಕಿದರೆ ಆ ಕ್ಷಣದಲ್ಲಿ ಹತ್ತಿರ ಹತ್ತಿರ ಇರುವ ಡಿಎನ್‌ಎ ಮತ್ತು ಪ್ರೋಟೀನುಗಳು ಪರಸ್ಪರ ಅಂಟಿ ನಿಲ್ಲುತ್ತವೆ. ಬಳಿಕ ನಿರ್ದಿಷ್ಟ ಅಕ್ಷರಕ್ರಮ ಕಂಡಲ್ಲಿ ಮಾತ್ರ ಡಿಎನ್‌ಎಯನ್ನು ಕತ್ತರಿಸುವ ಕಿಣ್ವವೊಂದರಿಂದ ಎಳೆಯನ್ನು ತುಂಡು ಮಾಡಲಾಗುತ್ತದೆ. ಅಂಟಿನಿಂದ ಜೊತೆಯಾಗಿ ಉಳಿದ ತುಂಡುಗಳ ಬಿಡಿ ತುದಿಗಳನ್ನು ಇನ್ನೊಂದು ಕಿಣ್ವ ಬೆಸೆಯುತ್ತದೆ. ಮೂಲ ಎಳೆಯಲ್ಲಿ ಲಕ್ಷಾಂತರ ಅಕ್ಷರಗಳಷ್ಟು ದೂರವಿದ್ದ ಎರಡು ತುಂಡುಗಳು ಹೀಗೆ ಬೆಸೆದುಕೊಂಡು ಒಂದೇ ಹೊಸ ತುಂಡಾದರೆ, ಅವು ಕೋಶದೊಳಗೆ ಅಕ್ಕಪಕ್ಕದಲ್ಲಿ ಇದ್ದವು ಎಂಬುದಕ್ಕೆ ಅದೇ ಸಾಕ್ಷಿ. ದೂರವನ್ನು ಅಳೆಯುವ ಸಮಸ್ಯೆಯನ್ನು ಅಕ್ಷರಗಳನ್ನು ಓದುವ ಸಮಸ್ಯೆಯಾಗಿ ಬದಲಿಸಿದ್ದು ಈ ಕ್ರಮದ ನಿಜವಾದ ಹೆಚ್ಚುಗಾರಿಕೆ, ಏಕೆಂದರೆ ಅಕ್ಷರಗಳನ್ನು ಓದುವ ಯಂತ್ರಗಳು ಅದೇ ದಶಕದಲ್ಲಿ ವೇಗವಾಗಿ ಅಗ್ಗವಾಗುತ್ತಿದ್ದವು.

ಮೊದಲ ವಿಧಾನ ಒಮ್ಮೆಗೆ ಎರಡು ತಾಣಗಳ ನಡುವಿನ ನಂಟನ್ನು ಮಾತ್ರ ವಿಚಾರಿಸಬಲ್ಲದಾಗಿತ್ತು. 2009ರಲ್ಲಿ ಬಂದ ಹೈ-ಸಿ ವಿಧಾನದಲ್ಲಿ ಕತ್ತರಿಸಿದ ತುದಿಗಳಿಗೆ ಬಯೋಟಿನ್ ಎಂಬ ಗುರುತನ್ನು ಹಚ್ಚಿ, ಬೆಸುಗೆಯಾದ ತುಂಡುಗಳನ್ನಷ್ಟೇ ಹೆಕ್ಕಿ, ಎಲ್ಲವನ್ನೂ ಒಟ್ಟಿಗೆ ಓದಿ, ಇಡೀ ಜೀನೋಮಿನ, ಅಂದರೆ ಕೋಶದ ಒಟ್ಟು ಡಿಎನ್‌ಎ ಬರಹದ, ಸಂಪರ್ಕಗಳನ್ನು ಒಂದೇ ಚೌಕ ಪಟದಲ್ಲಿ ಬಿಡಿಸುವುದು ಸಾಧ್ಯವಾಯಿತು. ಆ ಮೊದಲ ಪಟದ ಸ್ಪಷ್ಟತೆ ಸುಮಾರು 10 ಲಕ್ಷ ಅಕ್ಷರಗಳಷ್ಟು; ಅಂದರೆ ಅದಕ್ಕಿಂತ ಚಿಕ್ಕ ವಿವರ ಅದರಲ್ಲಿ ಕಾಣುತ್ತಿರಲಿಲ್ಲ. ಐದೇ ವರ್ಷಗಳಲ್ಲಿ, 2014ರಲ್ಲಿ, ಸುಹಾಸ್ ರಾವ್ ಮತ್ತು ಎರೆಜ್ ಲೀಬರ್‌ಮನ್ ಐಡೆನ್ ಅವರ ತಂಡ ಒಂದು ಬಗೆಯ ರಕ್ತಕೋಶದಲ್ಲಿ 490 ಕೋಟಿ ಸಂಪರ್ಕಗಳನ್ನು ಎಣಿಸಿ, ಸಾವಿರ ಅಕ್ಷರಗಳ ಸ್ಪಷ್ಟತೆಗೆ ತಲುಪಿ, ಮನುಷ್ಯನ ಜೀನೋಮಿನಲ್ಲಿ ಸುಮಾರು 10,000 ಕುಣಿಕೆಗಳಿವೆ ಎಂದು ತೋರಿಸಿತು.

ಆದರೂ ಈ ಪಟಗಳನ್ನು ಓದುವಾಗ ಎಚ್ಚರ ಬೇಕು. ಸಾಮಾನ್ಯ ಹೈ-ಸಿ ಪಟವು ಲಕ್ಷಾಂತರ ಕೋಶಗಳ ಸರಾಸರಿ. ಪಟದಲ್ಲಿ ಕಡುವಾಗಿ ಕಾಣುವ ಸಂಪರ್ಕ ಪ್ರತಿ ಕೋಶದಲ್ಲೂ ಪ್ರತಿ ಕ್ಷಣವೂ ಇರುತ್ತದೆ ಎಂದು ತಿಳಿಯುವುದು ತಪ್ಪು. ಎರಡು ತಾಣಗಳು ಹತ್ತಿರ ಇವೆ ಎಂದ ಮಾತ್ರಕ್ಕೆ ಒಂದು ಇನ್ನೊಂದನ್ನು ಆಳುತ್ತಿದೆ ಎಂದೂ ಹೇಳಲಾಗದು. ನಂಟು ಕಾರಣವೇ ಅಥವಾ ಪರಿಣಾಮವೇ ಎಂಬುದನ್ನು ನಿರ್ಣಯಿಸಬೇಕಾದರೆ ಆ ತಾಣವನ್ನು ಕ್ರಿಸ್ಪರ್ ಮುಂತಾದ ಡಿಎನ್‌ಎ ತಿದ್ದುವ ಉಪಕರಣದಿಂದ ಅಳಿಸಿ, ವಂಶವಾಹಿಯ ಓದು ನಿಜವಾಗಿ ಬದಲಾಯಿತೇ ಎಂದು ನೋಡಲೇಬೇಕು. ಈ ಎರಡನೆಯ ಹೆಜ್ಜೆಯಿಲ್ಲದ ನಕ್ಷೆಯನ್ನು ಒಂದು ಸುಳಿವೆಂದು ಎಣಿಸಬಹುದೇ ಹೊರತು ಪುರಾವೆಯೆಂದಲ್ಲ. ಪಟಗಳ ಚೆಲುವಿಗೆ ಮಾರುಹೋಗಿ ಇದನ್ನು ಮರೆತ ಬರಹಗಳು ಕಡಿಮೆಯೇನಲ್ಲ.

ಸಭಿಕರೇ, ಕ್ಯಾನ್ಸರ್ ಎಂದರೆ ವಂಶವಾಹಿಯ ಅಕ್ಷರಗಳು ಕೆಡುವುದು ಎಂಬ ತಿಳಿವಳಿಕೆ ಸರಿಯಾದದ್ದೇ, ಆದರೆ ಪೂರ್ಣವಲ್ಲ. ಅಕ್ಷರಗಳೆಲ್ಲ ನೆಟ್ಟಗಿದ್ದೂ ವಂಶವಾಹಿಯೊಂದು ಅಕಾಲದಲ್ಲಿ, ಅತಿಯಾಗಿ ಓದಲ್ಪಟ್ಟು ಕೋಶವನ್ನು ಕೆಡಿಸಬಲ್ಲದು. ಎರಡು ಹೊಲಗಳ ನಡುವಿನ ಬದು ಒಡೆದಾಗ ಒಬ್ಬರ ಪಾಲಿಗೆ ಬಿಟ್ಟ ನೀರು ಇನ್ನೊಬ್ಬರ ಹೊಲಕ್ಕೆ ನುಗ್ಗುವಂತೆ, ಟ್ಯಾಡ್‌ಗಳ ಗಡಿ ಮುರಿದಾಗ ಒಂದು ವಂಶವಾಹಿಗೆ ಮೀಸಲಾದ ಎನ್‌ಹಾನ್ಸರ್ ನೆರೆಯ ಇನ್ನೊಂದನ್ನು ಎಬ್ಬಿಸುತ್ತದೆ. ಆ ಇನ್ನೊಂದು ಕೋಶವಿಭಜನೆಯನ್ನು ಪ್ರಚೋದಿಸುವಂಥದಾದರೆ ಗಡ್ಡೆಗೆ ಅದೇ ಬೀಜ. ಎನ್‌ಹಾನ್ಸರ್ ಅಪಹರಣ ಎಂದು ಇದನ್ನು ಕರೆಯಬಹುದು. 2014ರಲ್ಲಿ ಒಂದು ಬಗೆಯ ತೀವ್ರ ರಕ್ತಕ್ಯಾನ್ಸರ್‌ನಲ್ಲಿ ಕಂಡುಬಂದದ್ದು ಇದರ ಮಾದರಿ ಪ್ರಸಂಗ. ಆ ರೋಗಿಗಳ ಕೋಶಗಳಲ್ಲಿ 3ನೆಯ ವರ್ಣತಂತುವಿನ ಒಂದು ಭಾಗ ತುಂಡಾಗಿ, ತಿರುಗಿ, ಮತ್ತೆ ಕೂಡಿಕೊಂಡಿರುತ್ತದೆ. ಅದರಿಂದ ಗಾಟಾ-2 ಎಂಬ ವಂಶವಾಹಿಯ ಎನ್‌ಹಾನ್ಸರ್ ತನ್ನ ಒಡೆಯನನ್ನು ಬಿಟ್ಟು ಇವಿಐ-1 ಎಂಬ ಕೇಡಿಗ ವಂಶವಾಹಿಯ ಬಳಿ ಸೇರುತ್ತದೆ. ಬೇಕಾದ ವಂಶವಾಹಿಯ ಒಂದು ಪ್ರತಿ ಬಡವಾಗುತ್ತದೆ, ಬೇಡವಾದದ್ದು ಕೊಬ್ಬುತ್ತದೆ. ಒಂದೇ ಮುರಿತದಿಂದ ಎರಡು ಹಾನಿ.

ಗಡಿ ಕೆಡಲು ಎಳೆ ತುಂಡಾಗಲೇಬೇಕೆಂದೂ ಇಲ್ಲ. ಮಿದುಳಿನ ಕೆಲವು ಗ್ಲಯೋಮಾ ಗಡ್ಡೆಗಳಲ್ಲಿ ಐಡಿಎಚ್ ಎಂಬ ಚಯಾಪಚಯ ಕಿಣ್ವದ ವಂಶವಾಹಿ ಕೆಟ್ಟಿರುತ್ತದೆ. ಕೆಟ್ಟ ಕಿಣ್ವ ತಯಾರಿಸುವ ರಾಸಾಯನಿಕವು ಡಿಎನ್‌ಎಯ ಮೇಲಿನ ಮೀಥೈಲ್ ಗುರುತುಗಳನ್ನು ಅಳಿಸುವ ವ್ಯವಸ್ಥೆಯನ್ನು ತಡೆಯುತ್ತದೆ, ಗುರುತುಗಳು ಎಲ್ಲೆಡೆ ಹೆಚ್ಚುತ್ತವೆ, ಮೀಥೈಲ್ ಹತ್ತಿದ ತಾಣಗಳಲ್ಲಿ ಸಿಟಿಸಿಎಫ್ ಕೂರಲಾರದು, ಗಡಿ ತಾನಾಗಿ ಕರಗುತ್ತದೆ. ಆಗ ನೆರೆಯ ಎನ್‌ಹಾನ್ಸರ್ ಪಿಡಿಜಿಎಫ್‌ಆರ್‌ಎ ಎಂಬ ಬೆಳವಣಿಗೆಯ ವಂಶವಾಹಿಯನ್ನು ಎಬ್ಬಿಸುತ್ತದೆ. 2016ರಲ್ಲಿ ಪ್ರಕಟವಾದ ಈ ಶೋಧನೆ ಚಯಾಪಚಯದಿಂದ ಮಡಿಕೆಯವರೆಗೆ ಕಾರಣಗಳ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಜೋಡಿಸಿದ ರೀತಿ ಈ ಕ್ಷೇತ್ರದ ಅತ್ಯುತ್ತಮ ಕೆಲಸಗಳಲ್ಲಿ ಒಂದು. ಅದೇ ವರ್ಷ ಇನ್ನೊಂದು ತಂಡ, ಮಕ್ಕಳನ್ನು ಕಾಡುವ ಟಿ-ಕೋಶದ ರಕ್ತಕ್ಯಾನ್ಸರ್‌ನಲ್ಲಿ ಅಳಿಸಿಹೋಗುವ ಗಡಿಗಳನ್ನು ಬೇರೆ ಬಗೆಯ ಕೋಶಗಳಲ್ಲಿ ಉದ್ದೇಶಪೂರ್ವಕವಾಗಿ ಕತ್ತರಿಸಿ, ಅಷ್ಟರಿಂದಲೇ ಕ್ಯಾನ್ಸರ್‌ಕಾರಕ ವಂಶವಾಹಿಗಳು ಎಚ್ಚೆತ್ತುಕೊಳ್ಳುತ್ತವೆ ಎಂದು ತೋರಿಸಿತು. ಮೇಲೆ ಹೇಳಿದ ಎರಡನೆಯ ಹೆಜ್ಜೆ ಎಂದರೆ ಇದೇ.

ವಂಶವಾಹಿಗಳೇ ಇಲ್ಲದ ಬಯಲು ಪ್ರದೇಶಗಳೂ ಈ ಬೆಳಕಿನಲ್ಲಿ ಅರ್ಥ ಪಡೆದಿವೆ. 8ನೆಯ ವರ್ಣತಂತುವಿನ ಒಂದು ವಿಶಾಲ ಭಾಗದಲ್ಲಿ ಪ್ರೋಟೀನು ತಯಾರಿಸುವ ವಂಶವಾಹಿಗಳು ಬಹಳ ವಿರಳ. ಹಾಗಿದ್ದೂ ಜನಸಮುದಾಯಗಳ ನಡುವೆ ನಡೆದ ಅಧ್ಯಯನಗಳಲ್ಲಿ ಕರುಳು, ಪ್ರಾಸ್ಟೇಟ್, ಸ್ತನ ಈ ಮೂರೂ ಕ್ಯಾನ್ಸರ್‌ಗಳ ಅಪಾಯ ಹೆಚ್ಚಿಸುವ ಅಕ್ಷರಭೇದಗಳು ಮತ್ತೆ ಮತ್ತೆ ಅಲ್ಲಿಯೇ ಸಿಗುತ್ತಿದ್ದವು. ಕರುಳಿನ ಕ್ಯಾನ್ಸರ್‌ಗೆ ಸಂಬಂಧಿಸಿದ ಅಂಥ ಒಂದು ತಾಣ 3 ಲಕ್ಷಕ್ಕೂ ಹೆಚ್ಚು ಅಕ್ಷರಗಳಾಚೆ ಇರುವ ಮಿಕ್ ಎಂಬ ವಂಶವಾಹಿಯನ್ನು ಮುಟ್ಟುತ್ತದೆ ಎಂದು 2009ರಲ್ಲಿ ತಿಳಿದುಬಂತು. ಮಿಕ್ ಕೋಶವಿಭಜನೆಯ ಪ್ರಬಲ ಚಾಲಕ, ಹಲವಾರು ಕ್ಯಾನ್ಸರ್‌ಗಳಲ್ಲಿ ಅತಿಯಾಗಿ ಓದಲ್ಪಡುವಂಥದು.

ಹೀಲಾ ಕೋಶಗಳ ಕಥೆಯೂ ಕೊನೆಗೆ ಇದೇ ಮಿಕ್‌ಗೆ ಬಂದು ತಲುಪುತ್ತದೆ. 1951ರಲ್ಲಿ ಅಮೆರಿಕದ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಮಹಿಳೆಯ ಗರ್ಭಕಂಠದ ಕ್ಯಾನ್ಸರ್‌ನಿಂದ ಅವರಿಗೆ ತಿಳಿಸದೆ ತೆಗೆದ ಈ ಕೋಶಗಳು ಲೋಕದ ಪ್ರಯೋಗಾಲಯಗಳಲ್ಲಿ ಇಂದಿಗೂ ಬೆಳೆಯುತ್ತಿವೆ. ಮಾನವ ಪ್ಯಾಪಿಲೋಮಾ ವೈರಸ್‌ನ 18ನೆಯ ಬಗೆ ಆ ಕೋಶಗಳ 8ನೆಯ ವರ್ಣತಂತುವಿನೊಳಗೆ ಸೇರಿಕೊಂಡಿದೆ; ವೈರಸ್ ತನ್ನ ಸ್ವಂತ ವಂಶವಾಹಿಗಳಿಂದ ಕೋಶದ ರಕ್ಷಣಾ ಪ್ರೋಟೀನುಗಳನ್ನು ಕೆಡಿಸುವುದು ಮೊದಲೇ ಗೊತ್ತಿತ್ತು. 2013ರಲ್ಲಿ ಹೀಲಾ ಜೀನೋಮನ್ನು ತಾಯಿ ತಂದೆಯರ ಪ್ರತಿಗಳನ್ನು ಬೇರ್ಪಡಿಸಿ ಓದಿದಾಗ, ವೈರಸ್ ಸೇರಿದ ತಾಣವು ಅದೇ ಪ್ರತಿಯಲ್ಲಿ ಸುಮಾರು 5 ಲಕ್ಷ ಅಕ್ಷರಗಳಾಚೆಯ ಮಿಕ್‌ನೊಡನೆ ದೂರದ ಸಂಪರ್ಕ ಹೊಂದಿರುವುದೂ, ಆ ಪ್ರತಿಯ ಮಿಕ್ ಜೋರಾಗಿ ಓದಲ್ಪಡುತ್ತಿರುವುದೂ ಕಂಡಿತು. ಹೊರಗಿನಿಂದ ಬಂದ ಅಕ್ಷರಗಳೂ ಕೋಶದ ಮಡಿಕೆಯನ್ನು ಬಳಸಿಕೊಳ್ಳಬಲ್ಲವು ಎಂದಾಯಿತು. ಭಾರತದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಬಿಟ್ಟರೆ ಅತಿ ಹೆಚ್ಚು ಕಾಣುವುದು ಗರ್ಭಕಂಠದ ಕ್ಯಾನ್ಸರ್. ಆದ್ದರಿಂದ ಈ ಶೋಧನೆ ಇಲ್ಲಿನವರಿಗೆ ದೂರದ ಸುದ್ದಿಯಲ್ಲ. ಅದೇ 2013ರಲ್ಲಿ ಹೀಲಾ ಜೀನೋಮಿನ ಪ್ರಕಟಣೆ ಲ್ಯಾಕ್ಸ್ ಕುಟುಂಬದ ಖಾಸಗಿತನವನ್ನು ಕದಡಿ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ಕುಟುಂಬದೊಡನೆ ಒಪ್ಪಂದಕ್ಕೆ ಬರಬೇಕಾಯಿತು ಎಂಬುದನ್ನೂ ಇಲ್ಲಿ ಸೇರಿಸಿ ಹೇಳಲೇಬೇಕು.

ಕೆ-562 ಎಂಬ ರಕ್ತಕ್ಯಾನ್ಸರ್ ಕೋಶಕ್ಕೆ ಈ ವಿದ್ಯೆಯಲ್ಲಿ ವಿಶೇಷ ಸ್ಥಾನವಿದೆ. 2009ರ ಮೊದಲ ಹೈ-ಸಿ ಅಧ್ಯಯನದಲ್ಲೇ ಅದೂ ಇತ್ತು. ಈ ಕೋಶಗಳ ಮೂಲವಾದ ದೀರ್ಘಕಾಲೀನ ಮೈಲಾಯ್ಡ್ ರಕ್ತಕ್ಯಾನ್ಸರ್‌ನಲ್ಲಿ 9 ಮತ್ತು 22ನೆಯ ವರ್ಣತಂತುಗಳು ತುಂಡಾಗಿ ಅದಲುಬದಲಾಗುವುದನ್ನು ಜಾನೆಟ್ ರೌಲಿ 1973ರಲ್ಲಿ ಸೂಕ್ಷ್ಮದರ್ಶಕದಲ್ಲಿ ಕಂಡು ಹೇಳಿದ್ದರು, 2001ರಲ್ಲಿ ಬಳಕೆಗೆ ಬಂದ ಇಮ್ಯಾಟಿನಿಬ್ ಔಷಧಿ ಆ ಬೆಸುಗೆಯಿಂದ ಹುಟ್ಟುವ ಪ್ರೋಟೀನನ್ನೇ ತಡೆಯುತ್ತದೆ. ಹೈ-ಸಿ ಪಟದಲ್ಲಿ ಇಂಥ ಅದಲುಬದಲು, ಬೇರೆ ಬೇರೆ ವರ್ಣತಂತುಗಳ ನಡುವೆ ಇರಬಾರದ ಕಡು ಸಂಪರ್ಕವಾಗಿ ಎದ್ದು ಕಾಣುತ್ತದೆ; ಹೀಗಾಗಿ ಮಡಿಕೆಯನ್ನು ಓದಲು ಹುಟ್ಟಿದ ವಿಧಾನ, ವರ್ಣತಂತುಗಳ ಮುರಿತಗಳನ್ನು ಪತ್ತೆಹಚ್ಚುವ ಉಪಕರಣವಾಗಿಯೂ ಬಳಕೆಯಾಗುತ್ತಿದೆ.

ಸ್ತನ ಕ್ಯಾನ್ಸರ್‌ನ ಎಂಸಿಎಫ್-7 ಕೋಶಗಳ ಅಧ್ಯಯನ ಬೆಂಗಳೂರಿನವರೆಗೆ ಬರುತ್ತದೆ. ಈಸ್ಟ್ರೋಜನ್ ಹಾರ್ಮೋನನ್ನು ಗ್ರಹಿಸುವ ಪ್ರೋಟೀನು ಕುಳಿತಿರುವ ತಾಣಗಳ ನಡುವಿನ ಸಂಪರ್ಕಗಳನ್ನು ಮಾತ್ರ ಆರಿಸಿ ಓದುವ ವಿಧಾನವನ್ನು ಸಿಂಗಪುರದ ತಂಡವೊಂದು 2009ರಲ್ಲಿ ಇದೇ ಕೋಶಗಳಲ್ಲಿ ಮೊದಲು ಮಾಡಿ ತೋರಿಸಿತು. ಆ ಪ್ರೋಟೀನು ಬಹುಪಾಲು ದೂರದಲ್ಲಿ ಕುಳಿತು ಕುಣಿಕೆಗಳ ಮೂಲಕವೇ ಆಳುತ್ತದೆ ಎಂದು ಅದರಿಂದ ತಿಳಿಯಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಡಿಂಪಲ್ ನೊಟಾನಿ ಅವರ ಪ್ರಯೋಗಾಲಯ ಈ ಪ್ರಶ್ನೆಯನ್ನು ಮುಂದುವರಿಸಿದೆ. ಈಸ್ಟ್ರೋಜನ್ ತಾಗಿದಾಗ ಎನ್‌ಹಾನ್ಸರ್‌ಗಳು ಗುಂಪುಗೂಡಿ ವಂಶವಾಹಿಯನ್ನು ಎಬ್ಬಿಸುತ್ತವೆ, ಆದರೆ ಆ ಕೂಟ ತಾತ್ಕಾಲಿಕ, ಸಂಕೇತ ತಗ್ಗುತ್ತ ಬಂದಂತೆ ಸಡಿಲವಾಗುತ್ತದೆ ಎಂದು ಅಲ್ಲಿನ ಕೆಲಸ ತೋರಿಸಿತು. 9ನೆಯ ವರ್ಣತಂತುವಿನಲ್ಲಿ ಕೋಶವಿಭಜನೆಗೆ ಕಡಿವಾಣ ಹಾಕುವ ವಂಶವಾಹಿಗಳ ಸಮೀಪದ ಎನ್‌ಹಾನ್ಸರ್ ಸಮೂಹವನ್ನು ಅದೇ ಪ್ರಯೋಗಾಲಯ ಪರೀಕ್ಷಿಸಿದಾಗ, ಅವು ಒಂದನ್ನೊಂದು ಅವಲಂಬಿಸಿದ ಜಾಲವೆಂಬುದೂ, ಮುಖ್ಯವಾದ ಒಂದನ್ನು ಅಳಿಸಿದರೆ ಉಳಿದವೂ ಸೊರಗುತ್ತವೆಂಬುದೂ ಕಂಡುಬಂತು. ನಕ್ಷೆಯನ್ನು ಸ್ಥಿರಚಿತ್ರವೆಂದು ಓದಬಾರದು, ಅದಕ್ಕೆ ಕಾಲದ ಆಯಾಮವೂ ಇದೆ ಎಂಬ ಪಾಠ ಕರ್ನಾಟಕದ ನೆಲದಿಂದಲೇ ಬಂದಿರುವುದು ಹೆಮ್ಮೆಯ ಸಂಗತಿ.

ಈಗ ಈ ಸೀಮೆಗೆ ಅತಿ ಹತ್ತಿರದ ವಿಷಯಕ್ಕೆ ಬರಬೇಕು. ಹಿರೇಗುಂಟನೂರು, ಭೀಮಸಮುದ್ರ, ಹೊಳಲ್ಕೆರೆ, ಹೊಸದುರ್ಗಗಳ ಬದುಕಿನಲ್ಲಿ ಅಡಿಕೆಗೆ ಇರುವ ಸ್ಥಾನ ಸಭಿಕರಿಗೆ ಬಿಡಿಸಿ ಹೇಳಬೇಕಾದದ್ದಲ್ಲ. ತೋಟಗಾರರ ಬೆವರು, ವ್ಯಾಪಾರಿಗಳ ವಿಶ್ವಾಸ, ಮಕ್ಕಳ ಓದು ಎಲ್ಲವೂ ಅದಕ್ಕೆ ತಳುಕು ಹಾಕಿಕೊಂಡಿವೆ. ಅದೇ ಗೌರವದಿಂದಲೇ ಸತ್ಯವನ್ನೂ ಹೇಳಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ, ತಂಬಾಕು ಬೆರೆಸಿದ ಎಲೆಅಡಿಕೆಯನ್ನು ಮಾತ್ರವಲ್ಲದೆ ತಂಬಾಕಿಲ್ಲದ ಎಲೆಅಡಿಕೆಯನ್ನೂ, ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು. ಅಡಿಕೆಯ ಆಲ್ಕಲಾಯ್ಡ್‌ಗಳಿಂದ ಹುಟ್ಟುವ ನೈಟ್ರೊಸಮೀನ್‌ಗಳು, ಸುಣ್ಣದ ಕ್ಷಾರದಲ್ಲಿ ಹೊಮ್ಮುವ ಕ್ರಿಯಾಶೀಲ ಆಮ್ಲಜನಕ, ಕೆನ್ನೆಯ ಒಳಪೊರೆ ನಾರುಗಟ್ಟಿ ಬಾಯಿ ತೆರೆಯಲಾಗದಂತೆ ಮಾಡುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಪೂರ್ವಸ್ಥಿತಿ ಇವೆಲ್ಲ ವೈದ್ಯರಿಗೆ ಪರಿಚಿತ. ಭಾರತದ ಗಂಡಸರಲ್ಲಿ ಅತಿ ಹೆಚ್ಚು ಕಂಡುಬರುವ ಕ್ಯಾನ್ಸರ್ ಬಾಯಿಯದು. ಅಡಿಕೆ ಬೆಳೆಯುವವನ ಮೇಲೆ ಈ ಮಾತಿನ ಹೊರೆ ಹೊರಿಸುವುದು ಅನ್ಯಾಯವಾದೀತು. ಆದರೆ ಅಗಿಯುವವನ ಕೆನ್ನೆಯೊಳಗೆ ಏನಾಗುತ್ತದೆ ಎಂಬುದನ್ನು ತಿಳಿಯದಿರುವುದು ಅದಕ್ಕಿಂತ ದೊಡ್ಡ ಅನ್ಯಾಯ.

ಆ ತಿಳಿವಳಿಕೆಯ ಒಂದು ಮುಖ್ಯ ತುಣುಕು ಜಕ್ಕೂರಿನ ನೆಹರೂ ಕೇಂದ್ರದಲ್ಲೇ ಸಿಕ್ಕಿತು. ಹಿಸ್ಟೋನ್‌ಗಳಿಗೆ ಅಸಿಟೈಲ್ ಎಂಬ ರಾಸಾಯನಿಕ ಗುಂಪು ಹತ್ತಿದಾಗ ಕ್ರೊಮ್ಯಾಟಿನ್ ಸಡಿಲಗೊಂಡು ಓದಿಗೆ ತೆರೆದುಕೊಳ್ಳುತ್ತದೆ. ಈ ಗುರುತನ್ನು ಹಚ್ಚುವ ಕಿಣ್ವಗಳಲ್ಲಿ ಪಿ-300 ಪ್ರಮುಖವಾದದ್ದು, ಮತ್ತು ಅದು ಕುಳಿತಿರುವ ತಾಣಗಳೇ ಸಾಮಾನ್ಯವಾಗಿ ಚುರುಕಾದ ಎನ್‌ಹಾನ್ಸರ್‌ಗಳು. ಅಲ್ಲಿನ ತಪಸ್ ಕುಂಡು ಅವರ ತಂಡ 2010ರಲ್ಲಿ ಬಾಯಿಯ ಕ್ಯಾನ್ಸರ್ ಅಂಗಾಂಶಗಳಲ್ಲಿ ಹಿಸ್ಟೋನ್ ಅಸಿಟೈಲೀಕರಣ ಅತಿಯಾಗಿರುವುದನ್ನೂ, ನೈಟ್ರಿಕ್ ಆಕ್ಸೈಡ್ ಆ ಅತಿರೇಕಕ್ಕೆ ದಾರಿಯಾಗುವುದನ್ನೂ ತೋರಿಸಿ, ಅರಿಸಿನದ ಕರ್ಕ್ಯುಮಿನ್‌ನಿಂದ ರೂಪಿಸಿದ, ನೀರಿನಲ್ಲಿ ಕರಗುವ ಒಂದು ಸಂಯುಕ್ತದಿಂದ ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆಯನ್ನು ತಗ್ಗಿಸಿತು. ಅರಿಸಿನ ತಿಂದರೆ ಕ್ಯಾನ್ಸರ್ ವಾಸಿಯಾಗುತ್ತದೆ ಎಂದು ಇದರ ಅರ್ಥವಲ್ಲ. ಆ ಸಂಯುಕ್ತ ಪ್ರಯೋಗಾಲಯದಲ್ಲಿ ಬದಲಿಸಿ ಮಾಡಿದ ಬೇರೆಯೇ ವಸ್ತು. 2013ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಜೀನೋಮ್ ಒಕ್ಕೂಟದ ಭಾರತೀಯ ತಂಡ ಒಸಡು ಮತ್ತು ಕೆನ್ನೆಯ ಕ್ಯಾನ್ಸರ್‌ನ ಅಕ್ಷರಗಳನ್ನು ಓದಿದಾಗಲೂ, ಪದೇ ಪದೇ ಕೆಟ್ಟಿರುವ ವಂಶವಾಹಿಗಳ ಪೈಕಿ ಎಂಎಲ್‌ಎಲ್-4, ಎಆರ್‌ಐಡಿ-2 ಎಂಬ ಎರಡು ಕ್ರೊಮ್ಯಾಟಿನ್ ವ್ಯವಸ್ಥೆಗೇ ಸೇರಿದವಾಗಿದ್ದವು. ಅಸಿಟೈಲ್ ಗುರುತು ಅತಿಯಾಗಿದೆ, ಕ್ರೊಮ್ಯಾಟಿನ್ ಕಾಯುವ ವಂಶವಾಹಿಗಳು ಕೆಟ್ಟಿವೆ ಎಂದಾದರೆ, ಎನ್‌ಹಾನ್ಸರ್‌ಗಳ ನಂಟುಗಳೂ ಅಲ್ಲಿ ಬದಲಾಗಿರಬೇಕೆಂದು ಊಹಿಸುವುದು ಸಹಜ. ಆ ಊಹೆಯನ್ನು ಪರೀಕ್ಷಿಸಬಲ್ಲದ್ದು ಆ ಕೋಶಗಳದೇ ಸಂಪರ್ಕ ನಕ್ಷೆ.

ಈ ಕ್ಷೇತ್ರದ ಹೆಸರಾಂತ ನಕ್ಷೆಗಳು ಬಹುಪಾಲು ಹೀಲಾ, ಕೆ-562, ಎಂಸಿಎಫ್-7ರಂಥ ಬೆರಳೆಣಿಕೆಯ ಕೋಶವಂಶಗಳಿಂದ ಬಂದವು. ದಶಕಗಳಿಂದ ಗಾಜಿನ ಪಾತ್ರೆಗಳಲ್ಲಿ ಬೆಳೆದು ಬಂದ ಆ ಕೋಶಗಳು ವಿಧಾನವನ್ನು ಪಳಗಿಸಲು ತಕ್ಕವು, ಆದರೆ ಇಪ್ಪತ್ತು ವರ್ಷ ಅಡಿಕೆ ಅಗಿದ ಕೆನ್ನೆಯ ಕಥೆಯನ್ನು ಅವು ಹೇಳಲಾರವು. ಎನ್‌ಹಾನ್ಸರ್‌ಗಳು ಅಂಗಾಂಶದಿಂದ ಅಂಗಾಂಶಕ್ಕೆ ಬೇರೆಯಾಗುತ್ತವೆ. ಜನಸಮುದಾಯದಿಂದ ಸಮುದಾಯಕ್ಕೆ ಅಕ್ಷರಭೇದಗಳೂ ಬೇರೆಯಾಗುತ್ತವೆ. ಎರಡನೆಯದಕ್ಕೆ ಉತ್ತರವಾಗಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದ ಸಂಯೋಜನೆಯಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆ ದೇಶದ 10,000 ಮಂದಿಯ ಪೂರ್ಣ ಜೀನೋಮನ್ನು ಓದಿ ಮುಗಿಸಿದೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು 1982ರಿಂದ ನಡೆಸುತ್ತಿರುವ ಜನಾಧಾರಿತ ಕ್ಯಾನ್ಸರ್ ನೋಂದಣಿ ಯಾವ ಅಂಗದ ರೋಗ ಎಷ್ಟು ಎಂಬ ಲೆಕ್ಕವನ್ನು ಕೊಡುತ್ತ ಬಂದಿದೆ. ಅಕ್ಷರಗಳ ಭಂಡಾರ ಒಂದು ಕಡೆ, ರೋಗದ ಲೆಕ್ಕ ಇನ್ನೊಂದು ಕಡೆ ಇದ್ದು, ಇವೆರಡನ್ನೂ ಕೂಡಿಸುವ ನಡುವಿನ ಕೊಂಡಿಯೇ ಮಡಿಕೆಯ ನಕ್ಷೆ. ಅಪಾಯ ತರುವ ಅಕ್ಷರಭೇದವೊಂದು ವಂಶವಾಹಿಯಿಲ್ಲದ ಬಯಲಿನಲ್ಲಿ ಸಿಕ್ಕಾಗ, ಅದು ಯಾವ ವಂಶವಾಹಿಯನ್ನು ಮುಟ್ಟುತ್ತದೆ ಎಂದು ಹೇಳಲು ಬೇರೆ ನೇರ ದಾರಿ ಸಿಗುವುದು ಕಷ್ಟ.

ಇದು ಕೈಗೂಡದ ಆಸೆಯೇನಲ್ಲ. ಹಿಂದೆ ಹೈ-ಸಿ ಮಾಡಲು ಲಕ್ಷಾಂತರ ತಾಜಾ ಕೋಶಗಳು ಬೇಕಾಗಿದ್ದವು. ಈಗ ಒಂದೇ ಕೋಶದ ಸಂಪರ್ಕಗಳನ್ನು ಓದುವ ವಿಧಾನಗಳೂ, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಪುಟ್ಟ ತುಣುಕಿನಿಂದ ಆಯ್ದ ವಂಶವಾಹಿಗಳ ನಂಟನ್ನಷ್ಟೇ ಹೆಕ್ಕುವ ವಿಧಾನಗಳೂ ಇವೆ. ಅದಕ್ಕಿಂತ ಮುಖ್ಯವಾಗಿ, ಆಸ್ಪತ್ರೆಗಳ ರೋಗಲಕ್ಷಣಶಾಸ್ತ್ರ ವಿಭಾಗಗಳಲ್ಲಿ ಫಾರ್ಮಲಿನ್‌ನಲ್ಲಿ ನೆನೆಸಿ ಮೇಣದಲ್ಲಿ ಹುದುಗಿಸಿಟ್ಟ ಅಂಗಾಂಶದ ತುಂಡುಗಳಿಂದಲೂ ಸಂಪರ್ಕಗಳನ್ನು ಓದಬಹುದೆಂದು ತೋರಿಸಲಾಗಿದೆ. ಫಾರ್ಮಲಿನ್ ಎಂದರೆ ಇದೇ ಫಾರ್ಮಾಲ್ಡಿಹೈಡ್‌ನ ದ್ರಾವಣ, ಅಂದರೆ ಡೆಕ್ಕರ್ ಅವರ ವಿಧಾನದ ಮೊದಲ ಹೆಜ್ಜೆ ಆ ತುಂಡುಗಳಲ್ಲಿ ಆಗಲೇ ನಡೆದುಹೋಗಿದೆ. ಬಾಯಿಯ ಕ್ಯಾನ್ಸರ್‌ನ ಇಂಥ ತುಂಡುಗಳಿಗೆ ಈ ನಾಡಿನ ಆಸ್ಪತ್ರೆಗಳಲ್ಲಿ ಕೊರತೆಯಿಲ್ಲ. ಬೇಕಾದದ್ದು, ಪ್ರತಿ ತುಂಡಿನ ಜೊತೆಗೆ ರೋಗಿ ಏನನ್ನು, ಎಷ್ಟು ವರ್ಷ ಅಗಿಯುತ್ತಿದ್ದ, ಅದರಲ್ಲಿ ತಂಬಾಕು ಇತ್ತೇ ಇಲ್ಲವೇ ಎಂಬ ದಾಖಲೆ. ಅದೇ ರೋಗಿಯ ಆರೋಗ್ಯವಂತ ಅಂಗಾಂಶದ ಒಂದು ಚೂರು, ಏಕೆಂದರೆ ಹೋಲಿಸಲು ಸಹಜ ಮಡಿಕೆಯ ನಕ್ಷೆಯಿಲ್ಲದಿದ್ದರೆ ಕೆಟ್ಟದ್ದು ಯಾವುದೆಂದು ಹೇಳಲಾಗದು. ಮತ್ತು ರೋಗಿಗೆ ಅವನ ಭಾಷೆಯಲ್ಲಿ, ಕನ್ನಡದಲ್ಲಿ, ವಿವರಿಸಿ ಪಡೆದ ಒಪ್ಪಿಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಗಳು ಈ ಒಪ್ಪಿಗೆಯನ್ನೂ, ಸಂಗ್ರಹಿಸಿಟ್ಟ ಮಾದರಿಗಳನ್ನು ಮುಂದೆ ಬಳಸುವ ಬಗೆಯನ್ನೂ ಕುರಿತು ನಿಯಮಗಳನ್ನು ಕೊಟ್ಟಿವೆ. ಬಯಾಪ್ಸಿ ತೆಗೆಯುವ ದಿನವೇ ದಾಖಲೆ, ಚೂರು, ಒಪ್ಪಿಗೆ ಈ ಮೂರನ್ನೂ ಒಟ್ಟಿಗೆ ಪಡೆದಿಡುವ ಕ್ರಮವನ್ನು ಜಿಲ್ಲಾ ಮಟ್ಟದ ಆಸ್ಪತ್ರೆಗಳಿಂದಲೇ ಆರಂಭಿಸಬಹುದು, ಮತ್ತು ಅಡಿಕೆ ಬೆಳೆಯುವ, ಅಗಿಯುವ ಚಿತ್ರದುರ್ಗದಂಥ ಜಿಲ್ಲೆಯೇ ಆ ಕೆಲಸಕ್ಕೆ ಮೊದಲು ಕೈ ಹಾಕುವುದು ಯುಕ್ತ.